ಮೋಟಾರಿಗೂ ಸೆಕೆ, ದನಕ್ಕೂ ಸೆಕೆ: ಶಾಖ ಹೊರಹೋಗುವ ದಾರಿಯ ಲೆಕ್ಕ



ಮಾರ್ಚಿನಿಂದ ಮೇ ತಿಂಗಳ ಕೊನೆಯವರೆಗೆ ಸಾಸ್ತಾನ, ಕೋಡಿ, ಪಾಂಡೇಶ್ವರ, ಐರೋಡಿ ಸುತ್ತಿನಲ್ಲಿ ಎರಡು ದೂರುಗಳು ತಪ್ಪದೆ ಕೇಳಿಬರುತ್ತವೆ. ಒಂದು, "ಡಾಕ್ಟ್ರೇ, ದನ ಮೇವು ಬಿಟ್ಟಿದೆ, ಹಾಲು ಇಳಿದಿದೆ" ಎಂಬುದು. ಇನ್ನೊಂದು, "ಪಂಪಿನ ಮೋಟಾರು ಸುಟ್ಟುಹೋಯಿತು, ಹಟ್ಟಿ ತೊಳೆಯಲಿಕ್ಕೂ ನೀರಿಲ್ಲ" ಎಂಬುದು. ಮೊದಲನೆಯದು ಪಶುವೈದ್ಯನ ಕೆಲಸ, ಎರಡನೆಯದು ರಿವೈಂಡಿಂಗ್ ಅಂಗಡಿಯವನ ಕೆಲಸ ಎಂದು ನಾವು ತಿಳಿಯುತ್ತೇವೆ. ಆದರೆ ಎರಡಕ್ಕೂ ಹೆಚ್ಚಿನ ಸಲ ಕಾರಣ ಒಂದೇ. ಒಳಗೆ ಹುಟ್ಟಿದ ಶಾಖಕ್ಕೆ ಹೊರಗೆ ಹೋಗಲು ಸಾಕಷ್ಟು ದಾರಿ ಸಿಗದಿರುವುದೇ ಆ ಕಾರಣ.

ದೊಡ್ಡ ವಿದ್ಯುತ್ ಯಂತ್ರಗಳನ್ನು ಕಟ್ಟುವ ಇಂಜಿನಿಯರರು ಈ ದಾರಿಯನ್ನು ಕಾಗದದ ಮೇಲೆ, ಈಗ ಕಂಪ್ಯೂಟರಿನಲ್ಲಿ, ಯಂತ್ರ ತಯಾರಾಗುವ ಮೊದಲೇ ಲೆಕ್ಕ ಹಾಕುತ್ತಾರೆ. ಅವರ ಲೆಕ್ಕದ ಕ್ರಮ ಕಷ್ಟದ್ದೇನಲ್ಲ. ಅದರ ತಿರುಳನ್ನು ತಿಳಿದುಕೊಂಡರೆ ನಮ್ಮ ಪಂಪ್ ಶೆಡ್ಡು, ಸಂಘದ ಹಾಲು ಶೀತಲೀಕರಣ ಘಟಕ ಮತ್ತು ನಮ್ಮ ಹಟ್ಟಿ, ಈ ಮೂರಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ಆದುದರಿಂದ ಈ ಲೇಖನ.

ತೊಟ್ಟಿ ಮತ್ತು ತೂತು

ಒಂದು ನೀರಿನ ತೊಟ್ಟಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನಿಂದ ನಳ್ಳಿಯ ನೀರು ಒಂದೇ ಸಮನೆ ಬೀಳುತ್ತಿದೆ. ತೊಟ್ಟಿಯ ತಳದಲ್ಲಿ ಒಂದು ತೂತು ಇದೆ. ಮೊದಲು ನೀರಿನ ಮಟ್ಟ ಏರುತ್ತದೆ. ಮಟ್ಟ ಏರಿದಂತೆ ತೂತಿನಿಂದ ಹೊರಹೋಗುವ ನೀರೂ ಹೆಚ್ಚುತ್ತದೆ. ಬೀಳುವ ನೀರು ಮತ್ತು ಹೋಗುವ ನೀರು ಸಮನಾದಾಗ ಮಟ್ಟ ನಿಲ್ಲುತ್ತದೆ. ನಳ್ಳಿ ಹಾಗೆಯೇ ಇದ್ದು ತೂತಿಗೆ ಕಸ ಸಿಕ್ಕಿಕೊಂಡರೆ ಮಟ್ಟ ಇನ್ನೂ ಮೇಲಕ್ಕೆ ಹೋಗಿ ನಿಲ್ಲುತ್ತದೆ, ಇಲ್ಲವೇ ತೊಟ್ಟಿ ತುಂಬಿ ಚೆಲ್ಲುತ್ತದೆ.

ಇಲ್ಲಿ ಬೀಳುವ ನೀರೇ ಯಂತ್ರದೊಳಗೆ ಹುಟ್ಟುವ ಶಾಖ. ನೀರಿನ ಮಟ್ಟವೇ ತಾಪಮಾನ. ತೂತೇ ಶಾಖ ಹೊರಹೋಗುವ ದಾರಿ. ತೊಟ್ಟಿಯ ಅಗಲವೆಂದರೆ ಯಂತ್ರದ ಕಬ್ಬಿಣ, ತಾಮ್ರಗಳ ತೂಕ. ಅಗಲವಾದ ತೊಟ್ಟಿ ತುಂಬಲು ಹೆಚ್ಚು ಹೊತ್ತು ಬೇಕಾದಂತೆ ಭಾರವಾದ ಯಂತ್ರ ಬಿಸಿಯಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಮೋಟಾರು ಹಾಕಿದ ಹತ್ತು ನಿಮಿಷಕ್ಕೆ ಮುಟ್ಟಿ ನೋಡಿ "ಬಿಸಿ ಇಲ್ಲ" ಎಂದು ತೀರ್ಮಾನಿಸುವುದು ಸರಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗುಡ್ಡದೊಳಗಿನ ದೊಡ್ಡ ಯಂತ್ರ

ನಮ್ಮಿಂದ ಬಹಳ ದೂರವಲ್ಲದ ಒಂದು ಉದಾಹರಣೆ ನೋಡೋಣ. ಕುಂದಾಪುರ, ಸಿದ್ದಾಪುರ ದಾಟಿ ಹೊಸಂಗಡಿಗೆ ಹೋದರೆ ಅಲ್ಲಿ ಕರ್ನಾಟಕ ವಿದ್ಯುತ್ ನಿಗಮದ ವಾರಾಹಿ ಭೂಗರ್ಭ ವಿದ್ಯುದಾಗಾರವಿದೆ. ಗುಡ್ಡವನ್ನು ಒಳಗಿನಿಂದ ಕೊರೆದು ಕಟ್ಟಿದ ಈ ಸ್ಥಾವರದಲ್ಲಿ 115 ಮೆಗಾವ್ಯಾಟಿನ 4 ಘಟಕಗಳಿವೆ. ಮೊದಲ ಎರಡು 1989-90ರ ಹೊತ್ತಿಗೆ, ಉಳಿದೆರಡು 2009ರಲ್ಲಿ ಕೆಲಸ ಆರಂಭಿಸಿದವು. ಒಟ್ಟು 460 ಮೆಗಾವ್ಯಾಟ್.

ಈ ಗಾತ್ರದ ಜನರೇಟರು ಬಹಳ ದಕ್ಷವಾದ ಯಂತ್ರ. ತನಗೆ ಸಿಕ್ಕ ಶಕ್ತಿಯಲ್ಲಿ ನೂರಕ್ಕೆ ಸುಮಾರು 98 ಭಾಗವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಉಳಿದ 2 ಭಾಗ ಶಾಖವಾಗುತ್ತದೆ. ಎರಡೇ ಭಾಗವಲ್ಲವೇ ಎಂದು ಹಗುರವಾಗಿ ಕಾಣುವಂತಿಲ್ಲ. 115 ಮೆಗಾವ್ಯಾಟಿನಲ್ಲಿ 2 ಭಾಗವೆಂದರೆ 2,300 ಕಿಲೋವ್ಯಾಟ್. ಬಕೆಟಿನ ನೀರು ಕಾಯಿಸುವ 1 ಕಿಲೋವ್ಯಾಟಿನ ಹೀಟರುಗಳನ್ನು 2,300 ಸಂಖ್ಯೆಯಲ್ಲಿ ಒಂದೇ ಕೋಣೆಯೊಳಗೆ ಹಗಲು ರಾತ್ರಿ ಉರಿಸಿದಂತಾಯಿತು. ಅದೂ ಗುಡ್ಡದ ಹೊಟ್ಟೆಯೊಳಗೆ.

ಈ ಶಾಖ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಮೂರು ಕಡೆಯಿಂದ. ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹರಿಯುವಾಗ ಹುಟ್ಟುವುದು ಒಂದು. ಕಬ್ಬಿಣದ ತಗಡುಗಳಲ್ಲಿ ಕಾಂತೀಯತೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವಾಗ ಹುಟ್ಟುವುದು ಎರಡನೆಯದು. ತಿರುಗುವ ಭಾಗ ಗಾಳಿಯನ್ನು ಸೀಳುವಾಗ ಮತ್ತು ಬೇರಿಂಗಿನ ಉಜ್ಜುವಿಕೆಯಿಂದ ಹುಟ್ಟುವುದು ಮೂರನೆಯದು.

ಇಂಥ ಜಲವಿದ್ಯುತ್ ಜನರೇಟರುಗಳಲ್ಲಿ ಶಾಖ ತೆಗೆಯುವ ಸಾಮಾನ್ಯ ಪದ್ಧತಿ ಹೀಗಿದೆ. ತಿರುಗುವ ರೋಟರ್ ತಾನೇ ಬೀಸಣಿಗೆಯಂತೆ ಗಾಳಿಯನ್ನು ತಳ್ಳುತ್ತದೆ. ಗಾಳಿ ಸ್ಟೇಟರಿನ ಕಬ್ಬಿಣದ ನಡುವೆ ಬಿಟ್ಟಿರುವ ಸಣ್ಣ ಸಂದುಗಳ ಮೂಲಕ ಹಾದು ಬಿಸಿಯಾಗಿ ಹೊರಬರುತ್ತದೆ. ಸುತ್ತಲೂ ನಿಲ್ಲಿಸಿರುವ, ಒಳಗೆ ತಣ್ಣೀರು ಹರಿಯುವ ಕೊಳವೆಗಳ ಚೌಕಟ್ಟನ್ನು ದಾಟಿ ಮತ್ತೆ ತಣ್ಣಗಾಗಿ ಒಳಗೆ ಹೋಗುತ್ತದೆ. ಗಾಳಿ ಅದೇ, ಸುತ್ತು ಅದೇ. ಶಾಖ ಮಾತ್ರ ನೀರಿನೊಂದಿಗೆ ಹೊರಗೆ ಹೋಗುತ್ತದೆ. 2,300 ಕಿಲೋವ್ಯಾಟ್ ಶಾಖ ಹೊರಲು ಗಾಳಿ 25 ಡಿಗ್ರಿ ಬಿಸಿಯಾಗಬಹುದೆಂದು ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 80 ಘನ ಮೀಟರ್ ಗಾಳಿ ಬೇಕು. ಅದೇ ಶಾಖವನ್ನು ನೀರು 5 ಡಿಗ್ರಿ ಮಾತ್ರ ಬಿಸಿಯಾಗಿ ಹೊರಬೇಕೆಂದರೆ ಸೆಕೆಂಡಿಗೆ ಸುಮಾರು 110 ಲೀಟರ್ ನೀರು ಸಾಕು. ಶಾಖ ಹೊರುವುದರಲ್ಲಿ ನೀರಿನ ಮುಂದೆ ಗಾಳಿ ಎಷ್ಟು ದುರ್ಬಲ ಎಂಬುದನ್ನು ಇದರಿಂದ ತಿಳಿಯಬಹುದು.

ಎಲ್ಲೂರಿನಲ್ಲಿರುವಂಥ 600 ಮೆಗಾವ್ಯಾಟ್ ಗಾತ್ರದ ಉಷ್ಣ ವಿದ್ಯುತ್ ಜನರೇಟರುಗಳಿಗೆ ಗಾಳಿ ಸಾಲುವುದಿಲ್ಲ. ಸಾಮಾನ್ಯವಾಗಿ ಅವುಗಳೊಳಗೆ ಗಾಳಿಯ ಬದಲು ಹೈಡ್ರೋಜನ್ ಅನಿಲ ತುಂಬುತ್ತಾರೆ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ. ಆದ್ದರಿಂದ ರೋಟರಿಗೆ ಅದನ್ನು ಸೀಳುವ ಶ್ರಮ ಕಡಿಮೆ. ಶಾಖ ಸಾಗಿಸುವುದರಲ್ಲಿ ಅದು ಗಾಳಿಗಿಂತ ಸುಮಾರು 7 ಪಟ್ಟು ಮೇಲು. ಅಮೆರಿಕದ ಡೇಟನ್ ನಗರದಲ್ಲಿ 1937ರಲ್ಲಿ ಇಂಥ ಮೊದಲ ಟರ್ಬೋ ಜನರೇಟರು ಕೆಲಸಕ್ಕೆ ನಿಂತಿತು.

ದೊಡ್ಡದಾದಷ್ಟೂ ಕಷ್ಟ

ಯಂತ್ರ ದೊಡ್ಡದಾದರೆ ಮೈಯೂ ದೊಡ್ಡದಾಗುತ್ತದೆ, ಶಾಖ ತಾನಾಗಿಯೇ ಹೋಗಲಾರದೇ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡಿ. 1 ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯ ಮೈ 6 ಚದರ ಮೀಟರ್, ಒಳಗಾತ್ರ 1 ಘನ ಮೀಟರ್. ಅದನ್ನು 2 ಮೀಟರ್ ಮಾಡಿದರೆ ಮೈ 24 ಚದರ ಮೀಟರ್, ಒಳಗಾತ್ರ 8 ಘನ ಮೀಟರ್. ಮೈ 4 ಪಟ್ಟು ಬೆಳೆಯಿತು, ಶಾಖ ಹುಟ್ಟುವ ಒಳಗಾತ್ರ 8 ಪಟ್ಟು ಬೆಳೆಯಿತು. ಅಂದರೆ ಪ್ರತಿ ಚದರ ಮೀಟರ್ ಮೈಯೂ ಮೊದಲಿನ ಎರಡರಷ್ಟು ಶಾಖವನ್ನು ಹೊರಹಾಕಬೇಕು.

ಈ ನಿಯಮ ಹಟ್ಟಿಗೂ ಸಲ್ಲುತ್ತದೆ. ಸುಮಾರು 120 ಕಿಲೋ ತೂಗುವ ಮಲೆನಾಡು ಗಿಡ್ಡ ದನ ಏಪ್ರಿಲಿನ ಬಿಸಿಲಲ್ಲೂ ಗುಡ್ಡೆ ಮೇಯ್ದು ಬರುತ್ತದೆ. 400 ಕಿಲೋ ತೂಗುವ ಎಚ್.ಎಫ್. ಮಿಶ್ರತಳಿ ಹಟ್ಟಿಯೊಳಗೇ ಏದುಸಿರು ಬಿಡುತ್ತದೆ. ತಳಿಯ ಗುಣ, ಹಾಲಿನ ಪ್ರಮಾಣ ಎಲ್ಲವೂ ಇದಕ್ಕೆ ಕಾರಣವೇ. ಆದರೆ ತೂಕಕ್ಕೆ ಹೋಲಿಸಿದರೆ ದೊಡ್ಡ ದನದ ಮೈಯ ವಿಸ್ತಾರ ಕಡಿಮೆ ಎಂಬುದೂ ಒಂದು ಮುಖ್ಯ ಕಾರಣ.

ಇಂಜಿನಿಯರರು ಲೆಕ್ಕ ಹಾಕುವ ಬಗೆ

ಜನರೇಟರಿನ ಅತಿ ಬಿಸಿಯಾದ ಜಾಗ ಸುರುಳಿಯ ಒಳಭಾಗದಲ್ಲಿ, ಕಬ್ಬಿಣದ ಗಾಡಿಯೊಳಗೆ ಹುದುಗಿರುತ್ತದೆ. ಅಲ್ಲಿಗೆ ಎಲ್ಲೆಂದರಲ್ಲಿ ಥರ್ಮಾಮೀಟರ್ ತೂರಿಸಲು ಆಗುವುದಿಲ್ಲ. ಕೆಲವೇ ಕಡೆ ತಾಪಮಾಪಕಗಳನ್ನು ಹುದುಗಿಸಿಡುತ್ತಾರೆ. ಉಳಿದದ್ದನ್ನು ಲೆಕ್ಕದಿಂದಲೇ ತಿಳಿಯಬೇಕು. ನಾವು ದನದ ಗುದದ್ವಾರದಲ್ಲಿ ಜ್ವರ ನೋಡಿ ಒಳಗಿನ ಸ್ಥಿತಿಯನ್ನು ಅಂದಾಜು ಮಾಡುತ್ತೇವಲ್ಲ, ಹಾಗೆ. ಮೇವು ಹುದುಗುವ ಹೊಟ್ಟೆಯ ಚೀಲ ಅದಕ್ಕಿಂತಲೂ ಸ್ವಲ್ಪ ಬಿಸಿಯಾಗಿಯೇ ಇರುತ್ತದೆ.

ಲೆಕ್ಕದ ಹಳೆಯ ಮತ್ತು ಇಂದಿಗೂ ಬಳಕೆಯಲ್ಲಿರುವ ಕ್ರಮವೆಂದರೆ ಶಾಖದ ಜಾಲ. ತಾಮ್ರ, ಅದರ ಸುತ್ತಲಿನ ವಿದ್ಯುತ್ ನಿರೋಧಕ ಹೊದಿಕೆ, ಕಬ್ಬಿಣ, ಗಾಳಿ, ನೀರು, ಇವುಗಳನ್ನು ಒಂದೊಂದು ತೊಟ್ಟಿಯೆಂದು ಭಾವಿಸುತ್ತಾರೆ. ತೊಟ್ಟಿಯಿಂದ ತೊಟ್ಟಿಗೆ ಕೊಳವೆ. ಒಂದೊಂದು ಕೊಳವೆಗೂ ಇಷ್ಟು ತಡೆ ಎಂದು ಗುರುತು. ಒಂದು ವ್ಯಾಟ್ ಶಾಖ ದಾಟಲು ಎಷ್ಟು ಡಿಗ್ರಿ ವ್ಯತ್ಯಾಸ ಬೇಕೋ ಅದೇ ಆ ಕೊಳವೆಯ ತಡೆ. ಆಗ ಸೂತ್ರ ಬಹಳ ಸುಲಭ. ಶಾಖದ ವ್ಯಾಟನ್ನು ತಡೆಯಿಂದ ಗುಣಿಸಿದರೆ ತಾಪಮಾನದ ಏರಿಕೆ ಸಿಗುತ್ತದೆ. ಹೊರಗಿನ ನೀರಿನಿಂದ ಹಿಡಿದು ಒಂದೊಂದೇ ಏರಿಕೆಯನ್ನು ಕೂಡಿಸುತ್ತಾ ಒಳಗಿನ ತಾಮ್ರದವರೆಗೆ ಹೋಗುತ್ತಾರೆ.

ದೊಡ್ಡ ಯಂತ್ರದಲ್ಲಿ ಒಂದೇ ತರಹದ ನೂರಾರು ಗಾಡಿಗಳಿರುವುದರಿಂದ ಒಂದು ಗಾಡಿಯ ಲೆಕ್ಕ ಮಾಡಿದರೆ ಹೆಚ್ಚು ಕಡಿಮೆ ಎಲ್ಲದರ ಲೆಕ್ಕವೂ ಆಯಿತು. ಇನ್ನೂ ಸೂಕ್ಷ್ಮವಾಗಿ ಬೇಕೆಂದರೆ ಕಂಪ್ಯೂಟರಿನಲ್ಲಿ ಆ ಗಾಡಿಯನ್ನು ಸಾವಿರಾರು ಚೂರುಗಳಾಗಿ ವಿಂಗಡಿಸಿ ಚೂರು ಚೂರಿಗೂ ಲೆಕ್ಕ ಹಾಕುತ್ತಾರೆ. ಸಂದುಗಳಲ್ಲಿ ಗಾಳಿ ಎಲ್ಲಿ ಜೋರಾಗಿ ಹೋಗುತ್ತದೆ, ಎಲ್ಲಿ ಸುಳಿಯಾಗಿ ನಿಲ್ಲುತ್ತದೆ ಎಂಬುದನ್ನೂ ಹೀಗೆಯೇ ಕಂಡುಕೊಳ್ಳುತ್ತಾರೆ. ಕೊನೆಗೆ ಯಂತ್ರವನ್ನು ನಡೆಸಿ, ತಾಪಮಾನದ ಏರಿಕೆ ನಿಲ್ಲುವವರೆಗೆ ಕಾದು, ಲೆಕ್ಕವನ್ನು ತಾಳೆ ನೋಡುತ್ತಾರೆ.

ಈ ಲೆಕ್ಕದಿಂದ ತಿಳಿಯುವ ಮುಖ್ಯ ಸಂಗತಿ ಒಂದೇ. ದಾರಿಯ ಎಲ್ಲ ಕೊಳವೆಗಳಲ್ಲಿ ಅತಿ ಕಿರಿದಾದ ಕೊಳವೆ ಯಾವುದೋ ಅದೇ ಇಡೀ ಯಂತ್ರದ ತಾಪಮಾನವನ್ನು ತೀರ್ಮಾನಿಸುತ್ತದೆ. ಉಳಿದ ಕಡೆ ಎಷ್ಟು ಖರ್ಚು ಮಾಡಿದರೂ ಅದನ್ನು ಅಗಲ ಮಾಡದೆ ಪ್ರಯೋಜನವಿಲ್ಲ.

ಒಂದು ಮಿಲಿಮೀಟರ್ ಗಾಳಿ

ಅತಿ ಕಿರಿದಾದ ಕೊಳವೆ ಹೆಚ್ಚಾಗಿ ಎಲ್ಲಿರುತ್ತದೆ? ನಿಂತ ಗಾಳಿಯಲ್ಲಿ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೂ ನಿಂತ ಗಾಳಿಗೂ ಇರುವ ಅಂತರ ಸುಮಾರು 15,000 ಪಟ್ಟು. ಅಂದರೆ 1 ಮಿಲಿಮೀಟರ್ ದಪ್ಪದ ನಿಂತ ಗಾಳಿಯ ಪದರ ಶಾಖಕ್ಕೆ ಒಡ್ಡುವ ತಡೆ ಸುಮಾರು 15 ಮೀಟರ್ ಉದ್ದದ ತಾಮ್ರದ ತಡೆಗೆ ಸಮ. ಸುರುಳಿಯ ನಿರೋಧಕ ಹೊದಿಕೆಯೂ ಕಡಿಮೆಯೇನಲ್ಲ. ಅದರ 1 ಮಿಲಿಮೀಟರ್ ಎಂದರೆ ತಾಮ್ರದ ಒಂದೂವರೆ ಮೀಟರಿಗೆ ಸಮೀಪ.

ಇದರ ವ್ಯಾವಹಾರಿಕ ಅರ್ಥ ನಿಮಗೆ ಬೇಗ ತಿಳಿಯುತ್ತದೆ. ರಿವೈಂಡಿಂಗ್ ಮಾಡಿಸಿದ ಮೋಟಾರು ಮತ್ತೆ ಆರು ತಿಂಗಳಿಗೆ ಸುಡುವುದುಂಟು. ಹೊಸ ತಂತಿ ಸುತ್ತಿದ ಮೇಲೆ ವಾರ್ನಿಷ್ ಸರಿಯಾಗಿ ಒಳಗಿಳಿಯದೆ, ಒಲೆಯಲ್ಲಿ ಸರಿಯಾಗಿ ಒಣಗದೆ ಇದ್ದರೆ ತಂತಿಗಳ ನಡುವೆ ಗಾಳಿಯ ಪೊಟ್ಟಣಗಳು ಉಳಿಯುತ್ತವೆ. ತಾಮ್ರ ಒಳ್ಳೆಯದೇ, ಮೇಲಿನ ಫ್ಯಾನೂ ಒಳ್ಳೆಯದೇ. ಆದರೆ ಶಾಖ ಆ ಪೊಟ್ಟಣಗಳನ್ನು ದಾಟಲಾರದೆ ತಾಮ್ರದಲ್ಲೇ ಕೂತುಬಿಡುತ್ತದೆ. ಹಳೆಯ ಸುರುಳಿ ತೆಗೆಯಲು ಮೋಟಾರನ್ನು ಬೆಂಕಿಗೆ ಹಾಕಿ ಸುಟ್ಟರೆ ಇನ್ನೊಂದು ಕೇಡು. ಕಬ್ಬಿಣದ ತಗಡುಗಳ ಮೇಲಿನ ತೆಳು ಲೇಪ ಹಾಳಾಗಿ, ಆಮೇಲೆ ಕಬ್ಬಿಣದಲ್ಲಿ ಹುಟ್ಟುವ ಶಾಖವೇ ಹೆಚ್ಚುತ್ತದೆ.

10 ಡಿಗ್ರಿಯ ಬೆಲೆ

ಮೋಟಾರಿನ ಫಲಕದ ಮೇಲೆ ಇನ್ಸುಲೇಶನ್ ಕ್ಲಾಸ್ ಎಂದು ಬರೆದು ಒಂದು ಅಕ್ಷರ ಇರುತ್ತದೆ. 'ಬಿ' ಎಂದರೆ ಸುರುಳಿಯ ಹೊದಿಕೆ 130 ಡಿಗ್ರಿ ಸೆಲ್ಸಿಯಸ್ ತಡೆಯಬಲ್ಲದು. 'ಎಫ್' ಎಂದರೆ 155, 'ಎಚ್' ಎಂದರೆ 180. ಈ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚಾದಂತೆ ಹೊದಿಕೆಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಇಂಜಿನಿಯರರ ಸ್ಥೂಲ ನಿಯಮ. ಇದಕ್ಕೆ ವಿರುದ್ಧವಾಗಿ 10 ಡಿಗ್ರಿ ತಣ್ಣಗಿಟ್ಟರೆ ಆಯುಸ್ಸು ಎರಡರಷ್ಟು. ಅದಕ್ಕಾಗಿಯೇ ದೊಡ್ಡ ಜನರೇಟರುಗಳಿಗೆ 'ಎಫ್' ದರ್ಜೆಯ ಹೊದಿಕೆ ಹಾಕಿ, ಓಡಿಸುವಾಗ 'ಬಿ' ದರ್ಜೆಯ ತಾಪಮಾನದೊಳಗೇ ಇಡುವ ರೂಢಿ ಇದೆ.

ಮೋಟಾರು ಒಮ್ಮೆಗೇ ಸುಟ್ಟಿತು ಎಂದು ನಾವು ಹೇಳುತ್ತೇವೆ. ನಿಜವಾಗಿ ಅದು ಎರಡು ಮೂರು ಬೇಸಿಗೆಯಿಂದ ಸ್ವಲ್ಪ ಸ್ವಲ್ಪವೇ ಸುಡುತ್ತಾ ಬಂದಿರುತ್ತದೆ. ಕೊನೆಯ ದಿನದ ಹೊಗೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ನಿಮ್ಮ 5 ಎಚ್.ಪಿ. ಮೋಟಾರಿನ ಲೆಕ್ಕ

ಈಗ ದೊಡ್ಡ ಯಂತ್ರದ ಲೆಕ್ಕವನ್ನೇ ತೋಟದ 5 ಎಚ್.ಪಿ. ಮೋಟಾರಿಗೆ ಹಾಕೋಣ. ತಡೆಯ ಅಂಕಿಗಳನ್ನು ಉದಾಹರಣೆಗೆಂದು ಇಟ್ಟುಕೊಂಡಿದ್ದೇನೆ. ನಿಮ್ಮ ಮೋಟಾರಿನ ಅಂಕಿ ಸ್ವಲ್ಪ ಬೇರೆ ಇರಬಹುದು, ಲೆಕ್ಕದ ಕ್ರಮ ಇದೇ.

5 ಎಚ್.ಪಿ. ಎಂದರೆ ಸುಮಾರು 3,730 ವ್ಯಾಟ್ ಕೆಲಸ. ದಕ್ಷತೆ ನೂರಕ್ಕೆ 85 ಎಂದಾದರೆ ಒಳಗೆ ಹುಟ್ಟುವ ಶಾಖ ಸುಮಾರು 660 ವ್ಯಾಟ್. ತಾಮ್ರದಿಂದ ಮೋಟಾರಿನ ಮೈಗೆ ಬರುವ ತಡೆ ವ್ಯಾಟಿಗೆ 0.03 ಡಿಗ್ರಿ, ಮೈಯಿಂದ ಗಾಳಿಗೆ ಹೋಗುವ ತಡೆ 0.06 ಡಿಗ್ರಿ ಎಂದುಕೊಳ್ಳಿ. ಕೂಡಿದರೆ 0.09. 660ರಿಂದ ಗುಣಿಸಿದರೆ ಏರಿಕೆ ಸುಮಾರು 60 ಡಿಗ್ರಿ. ಶೆಡ್ಡಿನ ಗಾಳಿ 35 ಡಿಗ್ರಿ ಇದ್ದರೆ ಸುರುಳಿ 95 ಡಿಗ್ರಿಯಲ್ಲಿ ನಿಲ್ಲುತ್ತದೆ. 'ಬಿ' ದರ್ಜೆಗೆ ಇದು ಸುರಕ್ಷಿತ.

ಈಗ ಮೋಟಾರಿನ ಮೈಯ ಗೀರುಗಳ ನಡುವೆ ಮಣ್ಣು, ತೆಂಗಿನ ನಾರಿನ ಹುಡಿ ತುಂಬಿ ಗಾಳಿಗೆ ಹೋಗುವ ತಡೆ ಇಮ್ಮಡಿಯಾಯಿತು ಎನ್ನಿ. 0.03 ಮತ್ತು 0.12, ಒಟ್ಟು 0.15. ಏರಿಕೆ 99 ಡಿಗ್ರಿ. ಸುರುಳಿ 134 ಡಿಗ್ರಿಗೆ ಬಂತು. ಮಿತಿ ದಾಟಿತು. ಮೋಟಾರಿನೊಳಗೆ ಏನೂ ಕೆಟ್ಟಿಲ್ಲ, ಹೊರಗೆ ಧೂಳು ಕೂತಿದೆ, ಅಷ್ಟೆ.

ಇದರ ಮೇಲೆ ಸಂಜೆಯ ಹೊತ್ತು ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿಯಿತು. ಅದೇ ಪಂಪು, ಅದೇ ನೀರು. ಕೆಲಸ ಪೂರೈಸಲು ಮೋಟಾರು ಸುಮಾರು ನೂರಕ್ಕೆ 11ರಷ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ತಾಮ್ರದ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ನೂರಕ್ಕೆ 23ರಷ್ಟು ಹೆಚ್ಚುತ್ತದೆ. 660ರಲ್ಲಿ 400 ವ್ಯಾಟ್ ತಾಮ್ರದ್ದೆಂದರೆ ಒಟ್ಟು ಶಾಖ ಸುಮಾರು 750 ವ್ಯಾಟ್ ಆಗುತ್ತದೆ. ಶುದ್ಧವಾಗಿದ್ದ ಮೋಟಾರಿನಲ್ಲಾದರೆ ಸುರುಳಿ ಸುಮಾರು 102 ಡಿಗ್ರಿಗೆ ಹೋಗಿ ನಿಲ್ಲುತ್ತಿತ್ತು. ಧೂಳು ಹಿಡಿದ ಮೋಟಾರಿನಲ್ಲಿ 147ಕ್ಕೆ ಹೋಗುತ್ತದೆ. ವೋಲ್ಟೇಜ್ ನಮ್ಮ ಕೈಯಲ್ಲಿಲ್ಲ. ಬ್ರಷ್ಷು ನಮ್ಮ ಕೈಯಲ್ಲಿದೆ.

ಇನ್ನೂ ಎರಡು ಮಾತು. ಮೋಟಾರು ಆರಂಭವಾಗುವ ಕ್ಷಣ ಸುಮಾರು 6 ಪಟ್ಟು ಕರೆಂಟ್ ಎಳೆಯುತ್ತದೆ. 6ರ ವರ್ಗ 36. ಆ ಕ್ಷಣಗಳಲ್ಲಿ ಸುರುಳಿಯಲ್ಲಿ 36 ಪಟ್ಟು ಶಾಖ ಹುಟ್ಟುತ್ತದೆ. ಕರೆಂಟ್ ಹೋಗಿ ಬಂದು ಮಾಡುವಾಗ ಮತ್ತೆ ಮತ್ತೆ ಸ್ಟಾರ್ಟರ್ ಒತ್ತುವುದು ಇದರಿಂದಲೇ ಅಪಾಯಕಾರಿ. ಎರಡನೆಯದಾಗಿ, ಬಾವಿಯೊಳಗಿನ ಸಬ್‌ಮರ್ಸಿಬಲ್ ಮೋಟಾರನ್ನು ತಣಿಸುವುದು ಅದರ ಸುತ್ತಲಿನ ನೀರೇ. ಏಪ್ರಿಲಿನಲ್ಲಿ ನೀರು ಇಳಿದು ಮೋಟಾರು ಕೆಸರಿನಲ್ಲಿ ಕೂತರೆ ಅದರ ದಾರಿ ಮುಚ್ಚಿತೆಂದೇ ತಿಳಿಯಿರಿ.

ಸಂಘದ ಶೀತಲೀಕರಣ ಘಟಕ

ಇನ್ನು ಬಲ್ಕ್ ಮಿಲ್ಕ್ ಕೂಲರ್ ಇರುವ ಸಂಘಗಳ ವಿಷಯ. ಕರೆದ ಹಾಲು ಸುಮಾರು 35 ಡಿಗ್ರಿಯಲ್ಲಿ ಬರುತ್ತದೆ, 4 ಡಿಗ್ರಿಗೆ ಇಳಿಸಬೇಕು. 1,000 ಲೀಟರ್ ಹಾಲಿನಿಂದ ಹೀಗೆ ತೆಗೆಯಬೇಕಾದ ಶಾಖ ಸುಮಾರು 35 ಯೂನಿಟ್ಟಿನಷ್ಟು. ಕೂಲರು ಈ ಶಾಖವನ್ನು ಇಲ್ಲವಾಗಿಸುವುದಿಲ್ಲ. ಹಾಲಿನಿಂದ ತೆಗೆದು ಕಂಡೆನ್ಸರಿನ ಮೂಲಕ ಕೋಣೆಯ ಗಾಳಿಗೆ ಹಾಕುತ್ತದೆ. ಕಂಪ್ರೆಸರ್ ಬಳಸಿದ ವಿದ್ಯುತ್ತಿನ ಶಾಖವೂ ಅದರ ಜೊತೆ ಸೇರುತ್ತದೆ.

ಒಂದು ಸಂಘದಲ್ಲಿ ನಾನು ಕಂಡ ಸಂಗತಿ ಹೇಳುತ್ತೇನೆ. ಕಂಡೆನ್ಸರಿಗೆ ತಾಗಿದಂತೆ ಪಶು ಆಹಾರದ ಚೀಲಗಳನ್ನು ಛಾವಣಿಯವರೆಗೆ ಪೇರಿಸಿದ್ದರು. ಜಾಗದ ಅಭಾವ, ಬೇರೆ ಕೋಣೆ ಇಲ್ಲ. ಬಿಸಿಗಾಳಿ ಹೊರಗೆ ಹೋಗದೆ ಅದೇ ಗಾಳಿ ಸುತ್ತಿ ಬರುತ್ತಿತ್ತು. ಆಹಾರದ ಹುಡಿ ಕಂಡೆನ್ಸರಿನ ರೆಕ್ಕೆಗಳನ್ನು ಮುಚ್ಚಿತ್ತು. ಕಂಪ್ರೆಸರ್ ಹೆಚ್ಚು ಹೊತ್ತು ಓಡಿ, ಹಾಲು ತಣ್ಣಗಾಗುವುದು ತಡವಾಗಿ, ಒಂದು ರಾತ್ರಿ ಮೋಟಾರೇ ನಿಂತಿತು. ಮರುದಿನ ಹಾಲು ಹುಳಿ ಬಂದು ವಾಪಸಾಯಿತು. ಅದರಲ್ಲಿ ಎರಡು ಲೀಟರ್ ಹಾಕುವ ಮನೆಯವರ ಹಾಲೂ ಇತ್ತು, ಇಪ್ಪತ್ತು ಲೀಟರ್ ಹಾಕುವವರದ್ದೂ ಇತ್ತು. ಬೆಚ್ಚಗಿನ ಹಾಲಿನಲ್ಲಿ ಕೆಲವು ಸೂಕ್ಷ್ಮಾಣುಗಳು 20-30 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ ಎಂಬುದನ್ನು ನೆನಪಿಡಿ. ತಡವಾದ ಒಂದೊಂದು ಗಂಟೆಗೂ ಬೆಲೆ ಇದೆ.

ಮುಚ್ಚಿದ ಮಾದರಿಯ ಕಂಪ್ರೆಸರುಗಳಲ್ಲಿ ಒಳಗಿನ ಮೋಟಾರನ್ನು ಮುಖ್ಯವಾಗಿ ತಣಿಸುವುದು ಮರಳಿ ಬರುವ ತಣ್ಣನೆಯ ಅನಿಲ. ಅನಿಲ ಸೋರಿ ಕಡಿಮೆಯಾದರೆ ಹಾಲು ತಣ್ಣಗಾಗದಿರುವುದರ ಜೊತೆಗೆ ಮೋಟಾರಿನ ಆಯುಸ್ಸೂ ಮುಗಿಯುತ್ತದೆ. "ಓಡುತ್ತಾ ಇದೆಯಲ್ಲ" ಎಂದು ಬಿಡಬಾರದು. ನಮ್ಮ ಕರಾವಳಿಯ ಉಪ್ಪುಗಾಳಿ ರೆಕ್ಕೆಗಳನ್ನು ತಿನ್ನುವುದರಿಂದ ಇಲ್ಲಿಯ ಕಂಡೆನ್ಸರುಗಳಿಗೆ ಘಟ್ಟದ ಮೇಲಿನವಕ್ಕಿಂತ ಹೆಚ್ಚು ಆರೈಕೆ ಬೇಕು.

ಹಟ್ಟಿಯಲ್ಲಿರುವ 700 ವ್ಯಾಟಿನ ಯಂತ್ರ

400 ಕಿಲೋ ತೂಗಿ ದಿನಕ್ಕೆ 10 ಲೀಟರ್ ಹಾಲು ಕೊಡುವ ದನ ಹೊರಹಾಕಬೇಕಾದ ಶಾಖ ಸುಮಾರು 700 ವ್ಯಾಟ್. ಮೇಲೆ ಲೆಕ್ಕ ಹಾಕಿದ 5 ಎಚ್.ಪಿ. ಮೋಟಾರಿನ 660 ವ್ಯಾಟಿಗೆ ಹೆಚ್ಚು ಕಡಿಮೆ ಸಮ. ವ್ಯತ್ಯಾಸವೆಂದರೆ ಮೋಟಾರು 100 ಡಿಗ್ರಿಯಲ್ಲೂ ಓಡಬಹುದು, ದನದ ಮೈ 38.5 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಹೊರಗಿನ ಗಾಳಿ 35 ಡಿಗ್ರಿ ಇದ್ದಾಗ ಉಳಿಯುವ ಅಂತರ ಮೂರೂವರೆ ಡಿಗ್ರಿ ಮಾತ್ರ. ಅಷ್ಟು ಸಣ್ಣ ಅಂತರದಲ್ಲಿ ಗಾಳಿಗೆ ನೇರವಾಗಿ ಹೋಗುವ ಶಾಖ ಅತ್ಯಲ್ಪ.

ಆದ್ದರಿಂದ ದನಕ್ಕೆ ಉಳಿಯುವ ದೊಡ್ಡ ದಾರಿ ನೀರು ಆವಿಯಾಗುವುದು, ಅಂದರೆ ಬೆವರು ಮತ್ತು ಏದುಸಿರು. 1 ಲೀಟರ್ ನೀರು ಆವಿಯಾಗುವಾಗ ಹೊತ್ತೊಯ್ಯುವ ಶಾಖ ಒಂದು ದನದ ಸುಮಾರು ಒಂದು ಗಂಟೆಯ ಶಾಖಕ್ಕೆ ಸಮ. ಆದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಈ ದಾರಿಯೂ ಕಿರಿದಾಗುತ್ತದೆ. ತಾಪಮಾನ ಮತ್ತು ತೇವಾಂಶ ಎರಡನ್ನೂ ಸೇರಿಸಿದ ಸೂಚ್ಯಂಕ 72 ದಾಟಿದರೆ ಹೆಚ್ಚು ಹಾಲಿನ ದನಗಳಿಗೆ ಸೆಕೆಯ ಬಾಧೆ ಆರಂಭ ಎಂದು ಹೇಳುತ್ತಾರೆ. 33 ಡಿಗ್ರಿ ತಾಪಮಾನ, ನೂರಕ್ಕೆ 30 ತೇವಾಂಶವಿರುವ ಬಯಲುಸೀಮೆಯಲ್ಲಿ ಈ ಸೂಚ್ಯಂಕ ಸುಮಾರು 78. ಅದೇ 33 ಡಿಗ್ರಿ, ನೂರಕ್ಕೆ 75 ತೇವಾಂಶವಿರುವ ನಮ್ಮ ಕಡಲ ಬದಿಯಲ್ಲಿ ಸುಮಾರು 87. ಥರ್ಮಾಮೀಟರ್ ಒಂದೇ ಅಂಕಿ ತೋರಿಸುತ್ತದೆ, ದನಕ್ಕೆ ಆಗುವ ಬಾಧೆ ಬೇರೆ.

ಹೀಗೆ ದಾರಿ ಮುಚ್ಚಿದಾಗ ದನ ಮಾಡುವ ಉಪಾಯ ಒಂದೇ. ನಳ್ಳಿ ಕಡಿಮೆ ಮಾಡುವುದು. ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಕೆಲವರು ಆಗ ಹಿಂಡಿ ಹೆಚ್ಚಿಸುತ್ತಾರೆ, ಟಾನಿಕ್ ಕೊಡಿಸುತ್ತಾರೆ. ತೂತು ಬಿಡಿಸದೆ ನಳ್ಳಿ ತಿರುಗಿಸಿದಂತೆ ಇದು. ಮೊದಲು ದಾರಿ ಬಿಡಿಸಬೇಕು.

ನಮ್ಮ ಕರಾವಳಿಗೆ ಮಂಜಿನಂಥ ನೀರು ಸಿಂಪಡಿಸುವ ಯಂತ್ರಗಳಿಗಿಂತ ಮೈಗೆ ನೇರವಾಗಿ ನೀರು ಹಾಕಿ ಫ್ಯಾನ್ ಬೀಸುವುದೇ ಹೆಚ್ಚು ಪ್ರಯೋಜನಕಾರಿ. ಮಂಜು ಹಟ್ಟಿಯ ತೇವಾಂಶವನ್ನೇ ಏರಿಸುತ್ತದೆ. ಬರೇ ನೀರು ಹಾಕಿ ಗಾಳಿಯಿಲ್ಲದೆ ಬಿಟ್ಟರೂ ಫಲ ಅರ್ಧ. ಚರ್ಮ ಒದ್ದೆಯಾಗುವಷ್ಟು ನೀರು, ಆಮೇಲೆ 10-15 ನಿಮಿಷ ಗಾಳಿ, ಮತ್ತೆ ನೀರು, ಇದು ಸರಿಯಾದ ಕ್ರಮ. ಮೈಗೆ ಒಣಗಿ ಅಂಟಿದ ಸಗಣಿ ಮೋಟಾರಿಗೆ ಹಿಡಿದ ಧೂಳಿನಂತೆಯೇ ಶಾಖಕ್ಕೆ ತಡೆ.

ಗಮನಿಸಬೇಕಾದ ಅಂಶಗಳು

1. ತಿಂಗಳಿಗೊಮ್ಮೆ ಮೈನ್ ಸ್ವಿಚ್ ತೆಗೆದು ಮೋಟಾರಿನ ಮೈಯ ಗೀರು ಮತ್ತು ಫ್ಯಾನಿನ ಮುಚ್ಚಳವನ್ನು ಒಣ ಬ್ರಷ್ಷಿನಿಂದ ಶುಚಿ ಮಾಡಿರಿ. ಮಳೆ ಬೀಳದಂತೆ ಮಾಡು ಇರಲಿ, ಆದರೆ ಮೋಟಾರನ್ನು ಗೋಣಿಯಲ್ಲಿ ಸುತ್ತಬೇಡಿ.

2. ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದ ಕರೆಂಟಿಗೆ ಸರಿಯಾಗಿ ಇಡಿಸಿರಿ. ಪದೇ ಪದೇ ಬೀಳುತ್ತದೆಂದು ಅದನ್ನು ಏರಿಸಿ ಇಡಬೇಡಿ. ಒಂದು ಫೇಸ್ ಹೋದರೆ ನಿಲ್ಲಿಸುವ ಸಾಧನ ಅಗತ್ಯ.

3. ಕರೆಂಟ್ ಹೋಗಿ ಬಂದರೆ ಕೆಲವು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿರಿ. ಸಂಘದ ಕೂಲರಿಗೂ ಇದೇ ಕ್ರಮ.

4. ರಿವೈಂಡಿಂಗ್ ಮಾಡಿಸುವಾಗ 'ಎಫ್' ದರ್ಜೆಯ ಸಾಮಾನು, ವಾರ್ನಿಷ್ ಮತ್ತು ಒಲೆಯಲ್ಲಿ ಒಣಗಿಸುವಿಕೆಯನ್ನು ಕೇಳಿ ಮಾಡಿಸಿರಿ. ಹಳೆಯ ಸುರುಳಿಯನ್ನು ಬೆಂಕಿಯಲ್ಲಿ ಸುಡಲು ಬಿಡಬೇಡಿ.

5. ಮಳೆಗಾಲವಿಡೀ ನಿಂತಿದ್ದ ಮೋಟಾರಿನೊಳಗೆ ತೇವ ಸೇರಿರುತ್ತದೆ. ದೊಡ್ಡ ಜನರೇಟರುಗಳನ್ನು ನಿಲ್ಲಿಸಿದಾಗ ಒಳಗೆ ತೇವ ಕೂರದಂತೆ ಸಣ್ಣ ಹೀಟರಿನಿಂದ ಬೆಚ್ಚಗಿಡುತ್ತಾರೆ. ನಾವು ಮೊದಲ ಬಾರಿ ಹಾಕುವ ಮುನ್ನ ಎಲೆಕ್ಟ್ರಿಷಿಯನ್‌ರಿಂದ ಮೆಗ್ಗರ್ ಪರೀಕ್ಷೆ ಮಾಡಿಸಿದರೆ ಸಾಕು.

6. ಸಂಘದ ಕಂಡೆನ್ಸರಿನ ಮುಂದೆ ಹಿಂದೆ ಚೀಲ, ಕ್ಯಾನು ಇಡಬಾರದು. ಬಿಸಿಗಾಳಿ ಹೊರಹೋಗಲು ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನ್ ಇರಲಿ. ಹಾಲು 4 ಡಿಗ್ರಿಗೆ ಬರಲು ಹಿಡಿದ ಸಮಯವನ್ನು ಪ್ರತಿದಿನ ಪುಸ್ತಕದಲ್ಲಿ ಬರೆಯಿರಿ. ಸಮಯ ದಿನೇ ದಿನೇ ಹೆಚ್ಚುತ್ತಿದ್ದರೆ ಯಂತ್ರ ಕೆಡುವ ಮೊದಲೇ ಮೆಕ್ಯಾನಿಕ್‌ಗೆ ತಿಳಿಸಿರಿ.

7. ಹಟ್ಟಿಯ ಶೀಟಿನ ಮಾಡಿನ ಮೇಲೆ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ ಹೊದಿಸಿರಿ. ಗಾಳಿ ಬರುವ ಬದಿಯ ಗೋಡೆ ಸೊಂಟದ ಎತ್ತರಕ್ಕಿಂತ ಹೆಚ್ಚು ಬೇಡ.

8. ದನದ ಎದುರಿಗೆ ಹಗಲು ರಾತ್ರಿ ನೀರಿರಲಿ. ಮೇವಿನ ಹೆಚ್ಚಿನ ಪಾಲನ್ನು ಬೆಳಿಗ್ಗೆ ಬೇಗ ಮತ್ತು ಸಂಜೆ ತಂಪಾದ ಮೇಲೆ ಕೊಡಿ. ಹೊಟ್ಟೆಯಲ್ಲಿ ಮೇವು ಹುದುಗುವಾಗಲೂ ಶಾಖ ಹುಟ್ಟುತ್ತದೆ.

9. ಫ್ಯಾನ್, ವಯರು, ಸ್ವಿಚ್ಚುಗಳಿಗೆ ನೀರು ತಾಗದಂತೆ, ದನಕ್ಕೆ ಎಟುಕದಂತೆ ಎತ್ತರದಲ್ಲಿಡಿ. ಅರ್ಥಿಂಗ್ ಕಡ್ಡಾಯ.

10. ಮಧ್ಯಾಹ್ನ ದನದ ಪಕ್ಕೆ ನೋಡಿ ಉಸಿರು ಎಣಿಸಿರಿ. ನಿಮಿಷಕ್ಕೆ 60 ದಾಟಿದರೆ ಕೂಡಲೇ ತಂಪು ಮಾಡಬೇಕು. ತಂಪು ಮಾಡಿದ ಮೇಲೂ ಜ್ವರ 104 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿಯದಿದ್ದರೆ ಅದು ಬರೇ ಸೆಕೆಯಲ್ಲ, ಬೇರೆ ರೋಗವಿರಬಹುದು. ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಮೇಲಿನ ಹತ್ತರಲ್ಲಿ ಹೆಚ್ಚಿನವಕ್ಕೆ ಹಣ ಬೇಡ, ಅರ್ಧ ದಿನದ ಕೆಲಸ ಸಾಕು. ಪ್ರತಿ ಸಂಘದ ಕಾರ್ಯದರ್ಶಿಯವರು ಫೆಬ್ರವರಿ ತಿಂಗಳೊಳಗೆ ಒಂದು ಭಾನುವಾರ ಗೊತ್ತುಮಾಡಿ, ಕೂಲರಿನ ಕೋಣೆಯನ್ನು ಖಾಲಿ ಮಾಡಿಸಿ ಕಂಡೆನ್ಸರ್ ಶುಚಿ ಮಾಡಿಸಬೇಕೆಂದೂ, ಅದೇ ದಿನ ಸದಸ್ಯರು ತಮ್ಮ ತಮ್ಮ ಪಂಪ್ ಶೆಡ್ಡು ಮತ್ತು ಹಟ್ಟಿಯ ಮಾಡನ್ನು ನೋಡಿಕೊಳ್ಳಬೇಕೆಂದೂ ವಿನಂತಿ. ಹಟ್ಟಿಗೆ ಗಾಳಿ ಬರುವ ದಿಕ್ಕು, ಫ್ಯಾನ್ ಇಡುವ ಜಾಗ ಇತ್ಯಾದಿಗಳ ಬಗ್ಗೆ ಸಂಶಯವಿದ್ದರೆ ವಿಸ್ತರಣಾ ಸಿಬ್ಬಂದಿ ಸಂಘಕ್ಕೆ ಬಂದ ದಿನ ತಿಳಿಸಿರಿ, ಹಟ್ಟಿಗೇ ಬಂದು ನೋಡಿ ಹೇಳುತ್ತೇವೆ.

– ಪಶುವೈದ್ಯ ವಿಸ್ತರಣಾಧಿಕಾರಿ